ಎರಡು ಪುಟ ಮೀರದಂತೆ

ಮೇಲಿನಿಂದ ಕಾಗದ ಬಂದಿದೆ:
ವಿರಾಜಪೇಟೆ ನ್ಯಾಯಾಲಯದ ಶೀಘ್ರಲಿಪಿ ಶಾಖೆ
ಈ ಮಾರ್ಚಿಗೆ ಮುಗಿಯುತ್ತದೆ,
ಅದರ ಇತಿಹಾಸ ಬರೆದು ಕಳಿಸತಕ್ಕದ್ದು,
ಎರಡು ಪುಟ ಮೀರದಂತೆ.
ಇನ್ನು ಮಾತು ಕೇಳಿ ತಾನೇ ಬರೆಯುವ ಪೆಟ್ಟಿಗೆಯಂತೆ.
ಅದಕ್ಕೆ ಎಷ್ಟು ಭಾಷೆ ಬರುತ್ತದೆಂದು
ಕಾಗದದಲ್ಲಿ ಇಲ್ಲ.

ಬರೆಯುವವರು ಇನ್ನಾರು? ಉಳಿದವಳು ನಾನೊಬ್ಬಳೇ,
ದಮಯಂತಿ, ಹಿರಿಯ ಶೀಘ್ರಲಿಪಿಗಾರ್ತಿ,
ಇಪ್ಪತ್ತೊಂಬತ್ತು ವರ್ಷ, ಒಂದು ಬಡ್ತಿ.

ಮೊದಲು ನಕಲುಗಾರರಿದ್ದರು, ಬಿಳಿ ದೊರೆಗಳ ಕಾಲ.
ಸಂಬಳವಿಲ್ಲ, ಪುಟಕ್ಕಿಷ್ಟು ಕಾಸು.
ಹಾಗಾಗಿ ಹಳೆಯ ಕಡತಗಳಲ್ಲಿ ಅಕ್ಷರಗಳು
ಕೈಕಾಲು ಚಾಚಿ ಮಲಗಿವೆ,
ಬಸ್ಸಿನ ಸೀಟಿಗೆ ಟವೆಲು ಹಾಸಿ ಜಾಗ ಹಿಡಿದ ಹಾಗೆ.
ಹಸಿದವರ ಕೈಬರಹ ಅಗಲ.

ಆಮೇಲೆ ಮಂಗಳೂರಿನಿಂದ ಗ್ರೆಗರಿ ಪಿಂಟೊ ಬಂದರು,
ಜೊತೆಗೊಂದು ಟೈಪ್‌ರೈಟರ್.
ಯಂತ್ರ ಕಾಯಂ. ಪಿಂಟೊ ತಾತ್ಕಾಲಿಕ, ಹನ್ನೊಂದು ವರ್ಷ.
ಐವತ್ತಾರರಲ್ಲಿ ಕೊಡಗು ಮೈಸೂರಿಗೆ ಸೇರಿದಾಗ
ಇವರು ಯಾವ ವೃಂದಕ್ಕೆಂದು ಯಾರಿಗೂ ತಿಳಿಯದೆ
ಏಳು ತಿಂಗಳು ಬರಿಗೈಯಲ್ಲಿ ಟೈಪಿಸಿದ್ದಾರೆ.
ಅವರದೇ ಅರ್ಜಿಯ ಮೂರನೇ ಕಾರ್ಬನ್ ಪ್ರತಿ
ಈಗಲೂ ಇದೆ, ಕಕ್ಕಡದ ಬೂಷ್ಟು ಹಿಡಿದು.
ಸಹಿ ಮಾತ್ರ ಕೈಯದು. ಅದೂ ಮಸುಕು.

ಕನ್ನಡದ ಯಂತ್ರ ಬಂದದ್ದು ತಡವಾಗಿ,
ಒತ್ತಕ್ಷರ ಬಂದಾಗೆಲ್ಲ ಹಲ್ಲು ಕಡಿಯುತ್ತಿತ್ತು.
ಸಾಕ್ಷಿಯದು ಕೊಡವ ತಕ್ಕ್, ಇಲ್ಲ ಅರೆಭಾಷೆ, ಇಲ್ಲ ಮಲಯಾಳ;
ವಕೀಲರ ಪ್ರಶ್ನೆ ಕನ್ನಡ;
ಸಾಹೇಬರು ಹೇಳಿ ಬರೆಸುವುದು ಇಂಗ್ಲಿಷು;
ನಡುವೆ ನನ್ನ ಪೆನ್ಸಿಲು.
ಜನವರಿಯಲ್ಲಿ ಮಾತ್ರ ಅದಕ್ಕೆ ಬಿಡುವು:
ಸಾಕ್ಷಿಗಳೆಲ್ಲ ಕಾಫಿ ಕುಯ್ಲಿನಲ್ಲಿ,
ಸಮನ್ಸು ಬಂತೆಂದು ಹಣ್ಣು ಕಾಯುವುದಿಲ್ಲ.

ಇಷ್ಟಕ್ಕೆ ಒಂದೂವರೆ ಪುಟ ಆಯಿತು.

ಉಳಿದ ಅರ್ಧಕ್ಕೆ ಏನಾದರೂ ಸಿಕ್ಕೀತೆಂದು ಬೀರು ತೆಗೆದೆ.
ನಮ್ಮಲ್ಲಿ ಶೀಘ್ರಲಿಪಿಯ ಪುಸ್ತಕಗಳನ್ನು
ಎರಡು ವರ್ಷಕ್ಕೊಮ್ಮೆ ಸುಡುವುದು ಕ್ರಮ.
ಒಂದನ್ನು ನಾನು ಸುಟ್ಟಿರಲಿಲ್ಲ.

ತೊಂಬತ್ತೆಂಟರದು. ಪಾಲಿಬೆಟ್ಟದ ಕಡೆಯ ತೋಟ.
ಕಟಕಟೆಯಲ್ಲಿ ತೋಟದ ರೈಟರು,
ಹಾಜರಿ ಬರೆಯುವವನು, ಮುಂಗಡ ಬರೆಯುವವನು,
ಲೈನ್‌ಮನೆಯ ಹುಡುಗನೊಬ್ಬನ ಕೈ ಮುರಿದವನು
(ಎನ್ನಲಾಗಿದೆ).
ಸಾಕ್ಷಿ, ಎರವರ ಬೊಳ್ಳಿ.
ತುಂಬ ಹೊತ್ತು ಏನೋ ಹೇಳಿದಳು, ನನ್ನ ಕಡೆಯೇ ನೋಡುತ್ತ.
ದುಭಾಷಿಯಾಗಿ ನಿಂತ ಪೇದೆ
'ಗೊತ್ತಿಲ್ಲ ಅಂತಾಳೆ ಸ್ವಾಮಿ' ಅಂದ.
ಟೈಪಾದದ್ದು: ನನಗೆ ಗೊತ್ತಿಲ್ಲ.
ಹೆಬ್ಬೆಟ್ಟು. ಖುಲಾಸೆ.

ಆದರೆ ಶೀಘ್ರಲಿಪಿಗೆ ಅರ್ಥ ಬೇಡ, ಸದ್ದು ಸಾಕು.
ಪೇದೆ ಬಾಯಿ ತೆರೆಯುವ ಮೊದಲೇ
ಅವಳ ಸದ್ದನ್ನೆಲ್ಲ ನನ್ನ ಕೈ ಹಿಡಿದಿಟ್ಟಿತ್ತು,
ಬರಿ ಅಭ್ಯಾಸಬಲದಿಂದ.

ಮೊನ್ನೆ ಆ ಗೆರೆಗಳನ್ನು ಎಡವುತ್ತ ಗಟ್ಟಿಯಾಗಿ ಓದಿದೆ.
ಎದುರು ಮೇಜಿನ ಹೊಸ ಹುಡುಗಿ,
ತಿತಿಮತಿ ಹಾಡಿಯ ಸುಜಿತಾ,
ಕೀಲಿಮಣೆಯಿಂದ ಬೆರಳು ತೆಗೆದಳು.
'ಮೇಡಂ, ಅದು ನಮ್ಮ ಮಾತು. ಇನ್ನೊಮ್ಮೆ ಓದಿ.'
ಓದಿದೆ. ಅವಳು ಕನ್ನಡಕ್ಕೆ ತಂದಳು, ಒಂದೊಂದೇ:

'ಇವನು ಬರೆದ ಬರಹಕ್ಕೇ
ನನ್ನ ಮಾವ, ನನ್ನ ಗಂಡ ಸಾಯುವ ತನಕ ದುಡಿದರು.
ನೋಡಿದ್ದೇನೆ. ಎಲ್ಲ ಹೇಳುತ್ತೇನೆ.
ಮೊದಲು ಅಗೋ, ಆ ಅಕ್ಕನ ಕೈ ನಿಲ್ಲಿಸಿ.'

ಸಂಜೆ ಐದಾಗಿತ್ತು. ಜವಾನ ಕಿಟಕಿ ಮುಚ್ಚುತ್ತಿದ್ದ.
ಟಿಪ್ಪಣಿಯ ಕೊನೆಯ ಅರ್ಧ ಪುಟ ಹಾಗೇ ಬಿಟ್ಟು
ಸಹಿ ಹಾಕಿದೆ.
ಖಾಲಿ ಜಾಗಕ್ಕೆ ಅಡ್ಡಗೆರೆ ಎಳೆಯುವುದು ಕಚೇರಿ ಪದ್ಧತಿ,
ಮುಂದೆ ಯಾರೂ ಏನೂ ಸೇರಿಸದಂತೆ.
ಎಳೆಯಲಿಲ್ಲ.
ಸುಜಿತಾ ಟಪಾಲಿಗೆ ಹಾಕಿದಳು: ಹಾಳೆ, ಎರಡು.