ಮೂರು ಗಂಟೆ

ಹಟ್ಟಿಯ ಹಳೇ ವಾಲಿಬಾಲ್ ಅಂಗಳ. ಬೆಳಗಿನ ಐದು.
ಹಿಂದೆ, ಗಣಿ ಅರೆದು ಉಗುಳಿದ ಬೂದುಮಣ್ಣಿನ ದಿಬ್ಬ;
ಅದರಲ್ಲಿನ್ನೂ ಚಿನ್ನದ ಚೂರಿದೆ ಎನ್ನುವವರಿದ್ದಾರೆ.

ಮೂರು ವರ್ಷ ಒಬ್ಬಳೇ ಗಾಳಿಯ ಜೊತೆ ಕೈಯಾಡಿಸಿದೆ.
ಇವತ್ತು ಗ್ಯಾನಪ್ಪ ಮಾಸ್ತರರು ಎದುರು ನಿಂತು
ಮುಂಗೈ ಚಾಚಿದರು:
"ಹಚ್ಚು, ಮೋನಮ್ಮ. ಒತ್ತಬ್ಯಾಡ. ಬಿಡಬ್ಯಾಡ."

ಮೂವತ್ತೊಂದು ವರ್ಷ ಶಾಫ್ಟಿನ ಬಾಯಲ್ಲಿ ಕೂತು
ಉಕ್ಕಿನ ಹಗ್ಗ ನಡೆಸಿದ ಕೈ ಅದು.
ಕಂಪ್ರೆಸರ್ ಕೂಡಿಸಲು ಬಂದು ಒಂಬತ್ತು ತಿಂಗಳು ಉಳಿದ
ಚೀನಾದ ಫಿಟ್ಟರ್, ಇವರ ಬಾಯಲ್ಲಿ ಲಿಂಗಪ್ಪನಾದವನು,
ಜೋಳದ ರೊಟ್ಟಿಯ ಋಣಕ್ಕೆ ಕಲಿಸಿಹೋದ ತೈ ಚಿ.
ಇಬ್ಬರ ನಡುವೆ ಒಂದೂ ಭಾಷೆ ಇರಲಿಲ್ಲವಂತೆ.
ಮುಂಗೈ ಇತ್ತು.

ನಾನು ದೂಡಿದೆ. ಅಲ್ಲಿ ಅವರಿರಲಿಲ್ಲ.
ಮತ್ತೆ ದೂಡಿದೆ, ಸಿಟ್ಟಿನಿಂದ, ಹೋದ ವಾರ ದೀಪಕೋಣೆಯಲ್ಲಿ
ಸೂಪರ್‌ವೈಸರ್ ಅಂದ ಮಾತನ್ನೂ ಸೇರಿಸಿ.
ನನ್ನ ತೂಕ ನನ್ನನ್ನೇ ಎತ್ತಿ ಬಲೆಯ ಕಂಬಕ್ಕೆ ಕೊಟ್ಟಿತು.
ಅವರು ಟೊಂಕ ತಿರುವಿದ್ದರು, ಅಷ್ಟೇ,
ಓಣಿಯಲ್ಲಿ ಎಮ್ಮೆಗೆ ದಾರಿ ಬಿಟ್ಟವರ ಹಾಗೆ.

"ಭುಜದಾಗ ಇಟ್ಕೊಂಡೀಯಲ್ಲ, ಅದನ್ನ ಹಿಮ್ಮಡಕ್ಕ ಇಳಿಸು.
ಕೇಳು. ಕಿವಿಯಿಂದಲ್ಲ, ತೊಗಲಿನಿಂದ."
ಎರಡು ಸಾವಿರ ಅಡಿ ಕೆಳಗೆ ಯಾರೋ ಪಂಜರಕ್ಕೆ ಕಾಲಿಟ್ಟರೆ
ಗಂಟೆಗೂ ಮೊದಲೇ ಹಗ್ಗ ಹೇಳುತ್ತಿತ್ತಂತೆ.
ಒಂದು ಗಂಟೆ: ನಿಲ್ಲು. ಎರಡು: ಇಳಿಸು.
ಮೂರು ಗಂಟೆಯೆಂದರೆ ಗಡಿಯಾರದ್ದಲ್ಲ:
ಈ ಸಲ ಅದಿರಲ್ಲ, ಮನುಷ್ಯರಿದ್ದಾರೆ.

ಆಮೇಲೆ ಕತ್ತಿ. ಬೇವಿನ ಹಲಗೆ ಕೆತ್ತಿದ್ದು,
ಹಿಡಿಗೆ ನನ್ನ ಮಗಳ ಕೆಂಪು ರಿಬ್ಬನ್ನಿನ ಕುಚ್ಚು.
ಕತ್ತಿಗೆ ಕತ್ತಿ ಅಂಟಿ ಸುತ್ತಬೇಕು, ಸದ್ದಾಗಬಾರದು.
ಟಕ್ ಅಂದರೆ ತಪ್ಪು.
ನಲವತ್ತು ಟಕ್ ಎಣಿಸಿ ಎಣಿಕೆ ಬಿಟ್ಟೆ.
ಕುಚ್ಚು ನನ್ನ ಕಣ್ಣಿಗೇ ಹೊಡೆಯಿತು.
ಬೇಲಿಯಾಚೆ ಶಿಫ್ಟಿಗೆ ಹೊರಟವರು ನಿಂತು ನಕ್ಕರು,
"ಯಾರ ಮ್ಯಾಲ ಅಕ್ಕಾ, ದಂಡು?"

ಒಮ್ಮೆ ಮಾತ್ರ, ಸೈರನ್ನಿಗೆ ತುಸು ಮುಂಚೆ,
ಎರಡು ಹಲಗೆಗಳ ನಡುವೆ ಏನೋ ತೂಗಿತು.
ಅವರ ಬಲ ಮಂಡಿಯ ನೋವು
ಕತ್ತಿಯುದ್ದಕ್ಕೂ ಹರಿದು ನನ್ನ ಅಂಗೈಗೆ ಬಂತು.
ಅಲ್ಲಿ ಚುಚ್ಚಬಹುದಿತ್ತು. ಬಾಗಿಲು ತೆರೆದಿತ್ತು.
ನಾನು ತೂಕ ತಗೊಂಡು
ಮೆಲ್ಲಗೆ ಸುತ್ತಿದೆ.

ಮಾಸ್ತರರು ಏನೂ ಅನ್ನಲಿಲ್ಲ.
ಕತ್ತಿಯ ಹಿಡಿಯಿಂದ ನನ್ನ ಮಣಿಕಟ್ಟನ್ನು ತಟ್ಟಿದರು:
ಒಂದು. ಎರಡು.
ಮೂರು.

ಸೈರನ್ ಕೂಗಿತು. ಚಪ್ಪಲಿ ಹುಡುಕಿ ಓಡಿದೆ.
ದೀಪ ಕೊಡಬೇಕಿತ್ತು, ನಕ್ಕವರಿಗೆ.