ಕಾಳು ಹಿತುಕುವ ರಾತ್ರಿ

ನಮ್ಮ ಮನೆಗೆ ಕ್ರಿಸ್ಮಸ್ ಬರುವುದು
ಮೊದಲು ಉಗುರಿನ ಸಂದಿಗೆ.

ಇಪ್ಪತ್ಮೂರಕ್ಕೇ ಕೋಲಾರದ ಮಾರ್ಕೆಟ್ಟಿನಿಂದ ಒಂದು ಮೂಟೆ ಅವರೆ.
ಸೊಗಡಿಗೆ ಆಟೋದವನೂ ಮೂಗರಳಿಸಿ
"ಯಾವೂರ ಕಾಯಕ್ಕಾ ಇದು?" ಅಂದ.
ಇಪ್ಪತ್ನಾಲ್ಕರ ಬೆಳಿಗ್ಗೆ ಸುಲಿದು, ಮಧ್ಯಾಹ್ನ ನೆನೆಹಾಕಿ,
ರಾತ್ರಿ ಹಿತುಕಬೇಕು.
ರಾತ್ರಿಯೇ, ಹನ್ನೊಂದೂವರೆಗೆ, ಆರಾಧನೆ.

ಈ ಎರಡು ಸಾಲಿನ ನಡುವೆ
ನಮ್ಮತ್ತೆ ದೀನಮ್ಮನ ನಲವತ್ತೆರಡು ವರ್ಷ ಕೂತಿದೆ.

ಎಲ್ಲರೂ ಹೊಸಬಟ್ಟೆಯ ಗಂಜಿ ವಾಸನೆಯಲ್ಲಿ ಹೊರಟ ಮೇಲೆ
ಬಾಗಿಲು ಮುಂದಕ್ಕೆಳೆದು ಬೋಸಿಯ ಮುಂದೆ ಕೂರುವರು.
ಲೂಕನ ಎರಡನೇ ಅಧ್ಯಾಯ ಅವರಿಗೆ ಸಿಕ್ಕಿದ್ದು
ದೇವಾಲಯದ ಮೈಕಿನಿಂದ,
ಅಂತರಗಂಗೆ ಬೆಟ್ಟದ ಗಾಳಿ ಅರ್ಧ ತಿಂದು ಬಿಟ್ಟಿದ್ದು:
"...ಹೊಲದಲ್ಲಿ... ಕುರುಬರು... ಹೆದರಬೇಡಿ..."
ಅಷ್ಟಕ್ಕೇ ಆಮೆನ್ ಅನ್ನುತ್ತಿದ್ದರಂತೆ.

ನಾನು ಚಿಂತಾಮಣಿ ಕಡೆಯ ಉಪದೇಶಿಯ ಮಗಳು.
ಅಪ್ಪನಿಗೆ ಹಬ್ಬ ಅಂದರೆ ಆರಾಧನೆ. ಊಟ ಆಮೇಲೆ, ಸಿಕ್ಕರೆ.
ಐದು ನಿಮಿಷ ತಡವಾದರೆ ಈಗಲೂ ನನಗೆ ಎದೆ ಹೊಡೆದುಕೊಳ್ಳುತ್ತದೆ.
ಈ ಸಲ ಹಿತುಕಿದ್ದನ್ನೇ ನಾಲ್ಕು ಪ್ಯಾಕೆಟ್ ತಂದೆ.
"ಮೂಟೆ ಪಕ್ಕದವರಿಗೆ ಕೊಡೋಣ ಅತ್ತೆ, ನೀವೂ ಬನ್ನಿ."
ಪ್ಯಾಕೆಟ್ಟನ್ನು ದೀಪಕ್ಕೆ ಹಿಡಿದು ನೋಡಿದರು.
"ಪಾಪ, ಯಾರ ಕೈಯೋ," ಅಂದರು.
ಫ್ರಿಜ್ಜಿನಲ್ಲಿಟ್ಟು ಬೋಸಿ ಎಳೆದುಕೊಂಡರು.

ಆಮೇಲೆ ಹೇಳಿದ್ದು, ತಲೆ ಎತ್ತದೆ:
ಅವರತ್ತೆ ಎಸ್ತೇರಮ್ಮ ದೀಕ್ಷಾಸ್ನಾನ ಮಾಡಿಸಿಕೊಂಡ ವರ್ಷ
ತವರಿನ ಬಾಗಿಲು ಮುಚ್ಚಿತು.
ಮೂರು ಹಬ್ಬ ಕಳೆಯಿತು, ಒಂದು ನಾಯಿಯೂ ಆ ಕಡೆಯಿಂದ ಬರಲಿಲ್ಲ.
ನಾಲ್ಕನೇ ವರ್ಷ, ಇದೇ ಇಪ್ಪತ್ನಾಲ್ಕು, ಕತ್ತಲಾದ ಮೇಲೆ
ಅಣ್ಣ ಮುನಿಶಾಮಿ ಜಗಲಿಗೆ ಒಂದು ಮೂಟೆ ಅವರೆ ಇಳಿಸಿದ.
ಒಳಗೆ ಬರಲಿಲ್ಲ. ನೀರೂ ಕುಡಿಯಲಿಲ್ಲ.
"ನಮ್ಮ ಹೊಲದ್ದು," ಅಂದನಂತೆ, ಅಷ್ಟೇ.
ಆ ರಾತ್ರಿ ಆಕೆ ಆರಾಧನೆಗೆ ಹೋಗಲಿಲ್ಲ.
ಬೆಳಗಾಗುವವರೆಗೂ ಹಿತುಕಿದಳು.

ನಾನು ಮಾತಾಡಲಿಲ್ಲ. ಪಕ್ಕದಲ್ಲಿ ಕೂತೆ.
ಹನ್ನೊಂದಾಯಿತು, ಬೋಸಿ ಅರ್ಧವೂ ಆಗಿರಲಿಲ್ಲ.
ಅತ್ತೆ ಎದ್ದು ಸೆರಗಿಗೆ ಕೈ ಒರೆಸಿ
ಶಾಲು ಹೊದ್ದರು. "ನಡಿ."

ಕಲ್ಲಿನ ಗೋಡೆಗೆ ಹೊಸ ಸುಣ್ಣ, ಕಾಗದದ ನಕ್ಷತ್ರ,
ಕಾಯರ್‌ನಲ್ಲಿ ನನ್ನ ಮಗ ಹನೋಕ, ಹರಕು ಗಂಟಲು.
ಅತ್ತೆ ಹೆಂಗಸರ ಕಡೆ ನಾಲ್ಕನೇ ಬೆಂಚಿನಲ್ಲಿ ನೆಟ್ಟಗೆ ಕೂತರು,
ಬಸ್ಸಿನಲ್ಲಿ ಬೇರೆಯವರ ಸೀಟಿನಲ್ಲಿ ಕೂತಂತೆ.
ಓದು ಶುರುವಾಯಿತು. ಗಾಳಿ ಒಂದಕ್ಷರವನ್ನೂ ತಿನ್ನಲಿಲ್ಲ.
"ಇಷ್ಟೊಂದು ಇದೆಯಾ ಇದರಲ್ಲಿ," ಪಿಸುಗುಟ್ಟಿದರು.

ಪ್ರಸಂಗ ಉದ್ದ. ಅಯ್ಯನವರು ಬೆತ್ಲೆಹೇಮಿನ ಛತ್ರದಲ್ಲೇ ನಿಂತಿದ್ದರು.
ಆಗ ನನ್ನ ಪಕ್ಕದಲ್ಲಿ, ಶಾಲಿನೊಳಗೆ:
ಪಿಚಕ್.

ನೋಡಿದೆ. ತೊಡೆಯ ಮೇಲೆ ಸ್ಟೀಲ್ ಡಬ್ಬಿ,
ಹೆಬ್ಬೆರಳು ತೋರುಬೆರಳು ತಮ್ಮ ಪಾಡಿಗೆ ತಾವು ನಡೆದಿವೆ.
ಕಣ್ಣು ಮಾತ್ರ ಪೀಠದ ಮೇಲೆ, ಮಿಟುಕದೆ.
ಪಿಚಕ್. ಪಿಚಕ್.
ಒಂದು ಕಾಳು ಜಾರಿ ಮುಂದಿನ ಬೆಂಚಿನ
ಪ್ರೇಮಲತಾ ಟೀಚರ್ ಮುಡಿಗೆ ಹಾರಿ
ಕನಕಾಂಬರದ ನಡುವೆ ಕೂತುಬಿಟ್ಟಿತು.

ಅಪ್ಪ ನೆನಪಾದರು. ಕಣ್ಣು ಗಟ್ಟಿಯಾಗಿ ಮುಚ್ಚಿದೆ,
ಪ್ರಾರ್ಥನೆಗೋ ನಗು ತಡೆಯುವುದಕ್ಕೋ.
ತೆರೆದಾಗ ನನ್ನ ಕೈ ಶಾಲಿನೊಳಗಿತ್ತು.
ನೆನೆದ ಕಾಳು ತಣ್ಣಗೆ, ಅವರ ಬೆರಳು ಬೆಚ್ಚಗೆ.

ಕರ್ತನ ಭೋಜನಕ್ಕೆ ಮೊಣಕಾಲೂರಿ
ನಾಲ್ಕು ಅಂಗೈ ಮುಂದೆ ಚಾಚಿದೆವು.
ಅಯ್ಯನವರು ರೊಟ್ಟಿ ಇಡುತ್ತಾ ಒಂದು ಕ್ಷಣ ತಡೆದರು.
ಅವರದೂ ಇದೇ ಸೀಮೆ, ಮಾಲೂರು ಕಡೆ.
ಮೂಗರಳಿತು. ಮುಂದಕ್ಕೆ ಹೋದರು.

ಮನೆ ಮುಟ್ಟಿದಾಗ ಎರಡು ಗಂಟೆ. ಹನೋಕ ಬೂಟಿನಲ್ಲೇ ಮಲಗಿದ.
ಬೋಸಿಯಲ್ಲಿ ಇನ್ನೂ ಅರ್ಧ ಕಾಳು,
ಬೆಳಿಗ್ಗೆ ಆರಕ್ಕೆ ಬಾಡು ತರಲು ಕ್ಯೂ ನಿಲ್ಲಬೇಕು.
ಅತ್ತೆ ಶಾಲು ಮಡಿಸಿ, ಕಾಲು ಚಾಚಿ ಕೂತು,
"ಆ ಕುರುಬರು," ಅಂದರು,
"ಎಲ್ಲ ಬಿಟ್ಟು ಹೋದರಲ್ಲ,
ಕುರಿ ಯಾರು ಕಾದರು?"