ಕೈಗೆಟುಕದ ಜಾಗ

ಗ್ರಿಮ್ಸ್‌ಬಿಯಲ್ಲಿ ಮಂಗಳವಾರ ನನಗೆ ರಜೆ.
ಫೋನನ್ನು ಅಕ್ಕಿ ಡಬ್ಬಿಯೊಳಗೆ ಹೂತು
ಹರಳೆಣ್ಣೆ ಬಿಸಿಗಿಟ್ಟೆ.

ಆರು ದಿನ ಕೇರ್ ಹೋಮಿನಲ್ಲಿ
ಮಿಸೆಸ್ ಬ್ಲ್ಯಾಂಚರ್ಡ್ ಅವರ ಬೆನ್ನು, ಡೆರಿಕ್‌ನ ಪಾದ.
ನೀರು ಹದವೇ ಎಂದು ಮೊಣಕೈ ಅದ್ದಿ ನೋಡುತ್ತೇನೆ, ಅವರಿಗೆ.
ನನ್ನ ಮೈಗೆ ಮೂರು ನಿಮಿಷದ ಶವರ್,
ಅದೂ ಬಸ್ಸಿನ ಹೊತ್ತು ನೋಡಿಕೊಂಡು.

ಇವತ್ತು ನೆತ್ತಿಗೆ ತಟ್ಟಿದೆ, ತಪ್ ತಪ್.
‘ಸುಮ್ಮನೆ ಕೂರೇ’ ಎಂದು ಯಾರೂ ಗದರಲಿಲ್ಲ;
ಸುಮ್ಮನೆ ಕೂತೆ.

ಮಂಡಿಗೆ, ಹಿಮ್ಮಡಿಯ ಬಿರುಕಿಗೆ, ಕಿವಿಯ ಹಿಂದೆ
ಹೆಸರೇ ಇಲ್ಲದ ಆ ಕುಳಿಗೆ.
ಕಿಟಕಿಯಾಚೆ ಸೀಗಲ್ ಒಂದು
ಬಾಕಿ ಕೇಳಲು ಬಂದವನ ಹಾಗೆ ಕೂಗಿತು.
ಕೂಗಲಿ.

ಬೆನ್ನ ನಡುವೆ ಅಂಗೈಯಗಲ ಜಾಗ
ಎಷ್ಟು ತಿರುಚಿದರೂ ಕೈಗೆ ಸಿಗಲಿಲ್ಲ.
ಒಂದು ಗಳಿಗೆ ಅಳು ಬಂತು, ಆಮೇಲೆ ನಗು:
ಬಾಗಿಲ ಚೌಕಟ್ಟಿಗೆ ಒರಗಿ
ಎಮ್ಮೆಯ ಹಾಗೆ ಉಜ್ಜಿಕೊಂಡೆ.

ಬಾಡಿಗೆ ಮನೆಯ ಬಿಳಿ ಬಣ್ಣದ ಮೇಲೆ
ನನ್ನೆತ್ತರಕ್ಕೆ ಸರಿಯಾಗಿ ಒಂದು ಜಿಡ್ಡಿನ ಗುರುತು.
ಒರೆಸಬೇಕು. ನಾಳೆ.

ಟಬ್ಬಿಗೆ ನೀರು ಬಿಟ್ಟು
ಮೊಣಕೈ ಅದ್ದಿ ನೋಡಿದೆ.
ಇನ್ನೊಂಚೂರು ಬಿಸಿ ಬೇಕು.